ಸೆಕೆಂಡ್‌ಹ್ಯಾಂಡ್ ಕಿಲ್ನು ಮತ್ತು ಮಾರ್ಕೆಟ್ ರಸ್ತೆಯ ವೈಂಡಿಂಗ್ ಅಂಗಡಿ

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಓದುವ ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ಕಿಲ್ನಿಗೆ, ಅಂದರೆ ಮಣ್ಣಿನ ಪಾತ್ರೆ ಸುಡುವ ಕರೆಂಟಿನ ಒಲೆಗೆ, ಐದರಲ್ಲಿ ಮೂರು ನಕ್ಷತ್ರ. ಅದನ್ನು ಮಾರಿದವರಿಗೆ ಒಂದು, ಅದೂ ಗಾಡಿಗೆ ಏರಿಸುವಾಗ ಕೈಜೋಡಿಸಿದ್ದಕ್ಕೆ. ಚಿಕ್ಕಮಗಳೂರು ಮಾರ್ಕೆಟ್ ರಸ್ತೆಯ ಒಳಗಲ್ಲಿಯಲ್ಲಿರುವ ಮೋಟಾರ್ ವೈಂಡಿಂಗ್ ಅಂಗಡಿಗೆ ಐದಕ್ಕೆ ಐದು.

"ಎಲೆಕ್ಟ್ರಿಕ್ ಕಿಲ್ನು ಕೆಟ್ಟರೆ ನಮ್ಮ ಕಡೆ ನೋಡೋರು ಯಾರೂ ಇಲ್ಲ, ಅದಕ್ಕೇ ಹಳೇದು ಬೇಡ" ಅಂತ ಮಣ್ಣಿನ ಕೆಲಸ ಮಾಡುವ ಗೆಳತಿಯರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹಳೆ ಕಿಲ್ನಿನಲ್ಲಿ ನಾವು ದುಡ್ಡು ಕೊಟ್ಟು ಕೊಳ್ಳುವುದು ಇಟ್ಟಿಗೆಯನ್ನು. ಇಟ್ಟಿಗೆ ಗಟ್ಟಿಯಿದ್ದರೆ ಉಳಿದದ್ದೆಲ್ಲ ಪಂಪ್‌ಸೆಟ್ ರಿಪೇರಿ ಮಾಡುವ ಯಾವ ಊರಿನಲ್ಲಾದರೂ ಸರಿಹೋಗುತ್ತದೆ. ಪಂಪ್‌ಸೆಟ್ಟು, ಕಾಫಿ ಸುಲಿಯುವ ಪಲ್ಪರು, ಹಲ್ಲರು ಇವುಗಳ ನಡುವೆಯೇ ಬದುಕುವ ನಮ್ಮ ಜಿಲ್ಲೆಯಲ್ಲಂತೂ ಕೈಕೆಲಸದವರಿಗೆ ಬರವಿಲ್ಲ.

ನಾನು ಮಾಡುವುದು ಕಾಫಿ ಕಪ್ಪು, ಲೋಟ, ಉಪ್ಪಿನಕಾಯಿ ಭರಣಿ, ಒಂದಿಷ್ಟು ತಟ್ಟೆ. ಮಲ್ಲಂದೂರು ರಸ್ತೆಯ ಕಡೆಯ ಹೋಂಸ್ಟೇಗಳವರು ಕೊಳ್ಳುತ್ತಾರೆ. ಸುಡಿಸಲು ಬೆಂಗಳೂರಿಗೆ ಕಳಿಸಬೇಕಿತ್ತು. ಹಸಿ ಕಪ್ಪು ಬೇಲೂರು, ಹಾಸನ ದಾಟಿ ಬೆಂಗಳೂರು ಸೇರುವಷ್ಟರಲ್ಲಿ ಹಿಡಿ ಒಂದು ಕಡೆ, ಕಪ್ಪು ಒಂದು ಕಡೆ. ನಮ್ಮ ಕುಂಬಾರರ ಆವಿಗೆಯಲ್ಲಿ ಸುಡಿಸೋಣ ಎಂದರೆ ಅದು ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುವ ಬೆಂಕಿ. ಮಡಕೆಗೆ, ಹೂಜಿಗೆ ಅಷ್ಟು ಸಾಕು, ನೀರು ತಣ್ಣಗಾಗಲು ಮಡಕೆ ಬೆವರಲೇಬೇಕು. ಸ್ಟೋನ್‌ವೇರ್ ಎಂಬ ಗಟ್ಟಿ ಜಾತಿಯ ನನ್ನ ಕಪ್ಪಿಗೆ 1220 ಡಿಗ್ರಿ ಬೇಕು. ಅಷ್ಟು ಕಾಯದಿದ್ದರೆ ಗ್ಲೇಜು, ಅಂದರೆ ಮೈಮೇಲಿನ ಗಾಜಿನ ಲೇಪ, ಸರಿಯಾಗಿ ಕರಗುವುದಿಲ್ಲ, ಕಪ್ಪಿನ ಮೈ ಕಾಫಿ ಕುಡಿದುಬಿಡುತ್ತದೆ.

ಕಿಲ್ನಿನ ವಿಷಯಕ್ಕೆ ಬರೋಣ. ಬೆಂಗಳೂರಿನ ಒಂದು ಶಾಲೆಯಲ್ಲಿ ಆರ್ಟ್ ರೂಮು ಮುಚ್ಚಿದ ಮೇಲೆ ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಮಾಲು. ನಡುವೆ ಒಬ್ಬ ದಲ್ಲಾಳಿ. 42 ಸಾವಿರಕ್ಕೆ ಮಾತಾಯಿತು. ಇಷ್ಟೇ ಅಳತೆಯ ಹೊಸದು ಲಕ್ಷ ದಾಟುತ್ತದೆ. ಎದುರು ಬಾಗಿಲಿನ ಚೌಕ ಪೆಟ್ಟಿಗೆ, ಒಳಗೆ 40 ಸೆಂಟಿಮೀಟರ್ ಅಗಲ, ಅಷ್ಟೇ ಆಳ, 45 ಎತ್ತರ. ಲೀಟರಿನ ಲೆಕ್ಕದಲ್ಲಿ 72. ಬೆನ್ನ ಮೇಲಿನ ತಗಡಿನ ಫಲಕದಲ್ಲಿ 230 ವೋಲ್ಟ್, 6 ಕಿಲೋವ್ಯಾಟ್, 1300 ಡಿಗ್ರಿ ಎಂದು ಕೊರೆದಿತ್ತು. ಮೊದಲೆರಡು ನಿಜ. ಮೂರನೆಯದು ಗಾಳಿಮಾತು. ಹಿಂಭಾಗದ ತಗಡು ಬಿಚ್ಚಿ ನೋಡಿದರೆ ಇಟ್ಟಿಗೆಯ ಮೇಲೆ 23 ಎಂಬ ಅಚ್ಚು. ಅಂದರೆ 2300 ಫ್ಯಾರನ್‌ಹೀಟ್‌ವರೆಗಿನ ಇಟ್ಟಿಗೆ, ನಮ್ಮ ಲೆಕ್ಕದಲ್ಲಿ 1260 ಡಿಗ್ರಿ. ಗೋಡೆಯೇ 1260ಕ್ಕೆ ಸೋಲುವಾಗ ಒಳಗೆ 1300 ಹೇಗೆ ಕಾಯಿಸುತ್ತೀರಿ? ನನಗೆ 1220 ಸಾಕು, ಹಾಗಾಗಿ ಕೊಂಡೆ. ಹೈ ಫೈರ್, ಅಂದರೆ ಇನ್ನೂ ಹೆಚ್ಚಿನ ಶಾಖದಲ್ಲಿ ಸುಡುವವರು, ಇಂಥ ಫಲಕ ನಂಬಿ ದುಡ್ಡು ಕೊಡಬೇಡಿ, 26ರ ಇಟ್ಟಿಗೆ ಇದೆಯೇ ಕೇಳಿ.

ಇಟ್ಟಿಗೆ ನೋಡುವುದು ಹೇಗೆ ಅಂತ ಒಂದಿಷ್ಟು ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಬಾಗಿಲು ತೆಗೆದು ಕಾಯಿಲು, ಅಂದರೆ ಬಿಸಿಯಾಗುವ ತಂತಿಸುರುಳಿ, ಕೆಂಪಗಾಗುತ್ತದಾ ಎಂದಷ್ಟೇ ನೋಡುತ್ತಾರೆ. ಈ ಇಟ್ಟಿಗೆ ತೀರ ಹಗುರ, ಉಗುರಿನಲ್ಲಿ ಗೀರಿದರೆ ಪುಡಿ ಬರುತ್ತದೆ, ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ಯಬಹುದು. ಒಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆ, ಅದಕ್ಕೇ ಶಾಖ ಹೊರಗೆ ಬಿಡುವುದಿಲ್ಲ. ಕೂದಲೆಳೆ ಬಿರುಕುಗಳಿಗೆ ಹೆದರಬೇಡಿ. ಕಾದು ತಣಿಯುವ ವಸ್ತು, ಬಿರುಕು ಬಿಡದೆ ಇರುತ್ತದೆಯೇ? ನೋಡಬೇಕಾದದ್ದು ಮೂರು ಜಾಗ: ಕಾಯಿಲು ಕೂರುವ ಗಾಡಿಯ (ಇಟ್ಟಿಗೆಯಲ್ಲಿ ಕೊರೆದ ಕಾಲುವೆಯ) ತುಟಿ ಮುರಿದಿದೆಯಾ, ಬಾಗಿಲಿನ ಸುತ್ತ ಇಟ್ಟಿಗೆ ಕುಸಿದಿದೆಯಾ, ನೆಲದಲ್ಲಿ ಗ್ಲೇಜು ಸುರಿದು ಗುಂಡಿ ಬಿದ್ದಿದೆಯಾ. ಕರಗಿದ ಗ್ಲೇಜು ಈ ಇಟ್ಟಿಗೆಯನ್ನು ತಿಂದು ಒಳಗಿಳಿಯುತ್ತದೆ. ಮುಂದಿನ ಸಲ ಕಾಯಿಸಿದಾಗ ಮತ್ತೆ ಕರಗಿ ಇನ್ನಷ್ಟು ತಿನ್ನುತ್ತದೆ.

ನನ್ನದರಲ್ಲಿ ಗಾಡಿಗಳು ಚೆನ್ನಾಗಿದ್ದವು. ಬಾಗಿಲಿನ ಕೀಲು ಜೋತಿತ್ತು. ನೆಲದಲ್ಲಿ ಮಾತ್ರ ಹಸಿರು ಗಾಜಿನ ಮಡುಗಳು. ಶಾಲೆಯ ಮಕ್ಕಳು ಗ್ಲೇಜು ದಪ್ಪ ಹಾಕಿರಬೇಕು ಎಂದ ದಲ್ಲಾಳಿ. ನಾನೂ ಆಗ ತಲೆಯಾಡಿಸಿದೆ. ಅಸಲು ಕಾರಣ ಬೇರೆ, ಅದು ಆಮೇಲೆ ಹಿಂಭಾಗದ ಪೆಟ್ಟಿಗೆಯಲ್ಲಿ ಸಿಕ್ಕಿತು. ಅಲ್ಲಿಗೆ ಬರುತ್ತೇನೆ.

ಎರಡು ಕಾಯಿಲುಗಳಲ್ಲಿ ಒಂದು ತುಂಡಾಗಿತ್ತು. ಇನ್ನೊಂದನ್ನು ಮಲ್ಟಿಮೀಟರಿನಲ್ಲಿ ಹಿಡಿದರೆ 21 ಓಮ್. ಓಮ್ ಎಂದರೆ ಕರೆಂಟಿಗೆ ತಂತಿ ಒಡ್ಡುವ ತಡೆಯ ಅಳತೆ. ಆರು ಕಿಲೋವ್ಯಾಟಿನ ಕಿಲ್ನು, ಎರಡು ಕಾಯಿಲು, ತಲಾ ಮೂರು. 230ರ ವರ್ಗವನ್ನು 3000ದಿಂದ ಭಾಗಿಸಿದರೆ 17.6 ಓಮ್ ಇರಬೇಕಿತ್ತು. ಕಾಯಿಲು ಹಳತಾದಂತೆ ತಂತಿ ತೆಳುವಾಗುತ್ತಾ ಓಮ್ ಏರುತ್ತದೆ, ಏರಿದಷ್ಟೂ ಕಡಿಮೆ ಕರೆಂಟು ಎಳೆಯುತ್ತದೆ. ಶೇಕಡಾ ಹತ್ತು ಏರಿದರೆ ಬದಲಿಸುವ ಹೊತ್ತು ಬಂತು ಎಂದೇ ಲೆಕ್ಕ, ಇದು ಹತ್ತೊಂಬತ್ತು ಏರಿತ್ತು. "ಒಂದು ಕಾಯಿಲು ಒಳ್ಳೇದಿದೆ ಮೇಡಂ, ಒಂದು ಹಾಕಿಸಿದ್ರೆ ಸಾಕು" ಎಂದಿದ್ದರು ಮಾರಿದವರು. ಮೀಟರು ಕೈಯಲ್ಲಿದ್ದರೆ ಇಂಥ ಮಾತಿಗೆ ಅಲ್ಲೇ ಉತ್ತರ ಕೊಡಬಹುದು. ನಾನು ಕೊಟ್ಟೆ, ಮೂರು ಸಾವಿರ ಇಳಿಯಿತು.

ಹಳೆ ಕಾಯಿಲನ್ನು ಹೊರಗೆ ತೆಗೆಯುವಾಗ ಎಳೆಯಲು ಹೋಗಬೇಡಿ. ಒಮ್ಮೆ ಸುಟ್ಟ ಕಾಂತಾಲ್ ತಂತಿ (ಕಾಯಿಲು ಮಾಡುವ ತಂತಿ) ತಣ್ಣಗಿದ್ದಾಗ ಹಪ್ಪಳದ ಹಾಗೆ ಮುರಿಯುತ್ತದೆ, ಜೊತೆಗೆ ಗಾಡಿಯ ತುಟಿಯನ್ನೂ ಕಿತ್ತುಕೊಂಡು ಬರುತ್ತದೆ. ಕಟಿಂಗ್ ಪ್ಲೇಯರಿನಲ್ಲಿ ಅಲ್ಲಲ್ಲೇ ತುಂಡರಿಸಿ, ಒಂದೊಂದೇ ಬಿಡಿಸಿಕೊಳ್ಳಬೇಕು. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಸರಿಯಾದ ಧೂಳಿನ ಮಾಸ್ಕು ಬೇಕು. ಬಾಗಿಲಿನ ಅಂಚಿಗೆ ತುರುಕಿರುವ ಬಿಳಿ ಸೆರಾಮಿಕ್ ಫೈಬರನ್ನು ಹತ್ತಿಯಂತೆ ಬರಿಗೈಯಲ್ಲಿ ಕೀಳುವವರನ್ನು ನೋಡಿದ್ದೇನೆ. ಅದು ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. ಬಹಳ ಕಾಲ ಸುಟ್ಟ ಫೈಬರಿನಲ್ಲಿ ಕ್ರಿಸ್ಟೊಬಲೈಟ್ ಎಂಬ ಸಿಲಿಕಾ ಬೇರೆ ಹುಟ್ಟಿಕೊಂಡಿರುತ್ತದೆ. ನೀರು ಚಿಮುಕಿಸಿ ಒದ್ದೆ ಮಾಡಿ, ಕವರಿನಲ್ಲಿ ಕಟ್ಟಿ ಎಸೆಯಿರಿ.

ತಂತಿಗೆ ಬೆಂಗಳೂರಿನ ಎಸ್.ಪಿ. ರೋಡೇ ಗತಿ. ನಮ್ಮೂರಲ್ಲಿ ನಿಕ್ರೋಮ್ ಸಿಗುತ್ತದೆ, ಇಸ್ತ್ರಿಪೆಟ್ಟಿಗೆಗೆ, ಗೀಜರಿಗೆ ಆಗುತ್ತದೆ, ಕಿಲ್ನಿಗೆ ಆಗುವುದಿಲ್ಲ. ನಿಕ್ರೋಮ್ ತಂತಿಯೇ ಸುಮಾರು 1200 ಡಿಗ್ರಿಗೆ ಸುಸ್ತು. ಕಾಂತಾಲ್ ಎ-1 ಎನ್ನುವುದು ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಲೋಹ, 1400 ಡಿಗ್ರಿವರೆಗೆ ತಡೆಯುತ್ತದೆ. ಕಾಂತಾಲ್ ಎನ್ನುವುದು ಸ್ವೀಡನ್ನಿನ ಕಂಪನಿಯ ಹೆಸರು, ಆದರೆ ಅಂಗಡಿಯಲ್ಲಿ ಇಂಥ ಎಲ್ಲ ತಂತಿಗೂ ಅದೇ ಹೆಸರು ನಡೆಯುತ್ತದೆ. ಕೊಡುವವರು ಯಾವುದನ್ನು ಕೊಟ್ಟರು ಎಂದು ತಿಳಿಯಲು ಸುಲಭದ ಉಪಾಯ ಉಂಟು: ಅಯಸ್ಕಾಂತ. ನಿಕ್ರೋಮಿಗೆ ಅಂಟುವುದಿಲ್ಲ, ಕಾಂತಾಲಿಗೆ ಗಟ್ಟಿಯಾಗಿ ಅಂಟುತ್ತದೆ. ಫ್ರಿಜ್ಜಿನ ಬಾಗಿಲಲ್ಲಿದ್ದ ಗಣಪತಿಯನ್ನು ಪರ್ಸಿನಲ್ಲಿ ಹಾಕಿಕೊಂಡು ಹೋಗಿದ್ದೆ. ಅಂಗಡಿಯ ಹುಡುಗ ನಕ್ಕ. ಮೊದಲು ತಂದಿಟ್ಟ ಸುರುಳಿಗೆ ಗಣಪತಿ ಅಂಟಲಿಲ್ಲ. ಆಮೇಲೆ ಒಳಗಿನಿಂದ ಬೇರೆ ಸುರುಳಿ ಬಂತು.

ಕ್ರೋಮಿಯಂ ಅಂದ ಕೂಡಲೇ ನೆನಪಾಯಿತು, ಪಕ್ಕದ ಹಾಸನ ಜಿಲ್ಲೆಯ ಬೈರಾಪುರದಲ್ಲೇ ಕ್ರೋಮೈಟ್ ಗಣಿ ಇದೆ. ಅದಿರು ನಮ್ಮ ಮಗ್ಗುಲಿನದು, ತಂತಿ ಮಾತ್ರ ಊರೆಲ್ಲ ಸುತ್ತಿ ಬರಬೇಕು.

ಈಗ ವೈಂಡಿಂಗ್ ಅಂಗಡಿ. ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡರು, ಇರುವ ಕೆಲಸವೇ ಹೆಚ್ಚಾಗಿದೆಯಂತೆ. ಒಳಗಲ್ಲಿ, ಬಾಗಿಲಲ್ಲಿ ಸುಟ್ಟ ಮೋಟಾರುಗಳ ರಾಶಿ, ವಾರ್ನಿಶ್ ವಾಸನೆ, ಇಷ್ಟು ಗುರುತು ಸಾಕು. ಅಂಗಡಿ ನಡೆಸುವ ಭಾಯ್‌ಗೆ ಅರವತ್ತು ದಾಟಿದೆ. ಕಿಲ್ನು ಎಂಬುದನ್ನು ಜನ್ಮದಲ್ಲಿ ನೋಡಿದವರಲ್ಲ. ನನ್ನ ಮುರಿದ ಕಾಯಿಲಿನ ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿದರು.

"ಇದು ಯಾವ ಮೋಟಾರಿಂದು ಅಕ್ಕ?"

"ಮೋಟಾರಲ್ಲ ಭಾಯ್, ಮಣ್ಣಿನ ಪಾತ್ರೆ ಸುಡೋ ಒಲೆ."

"ಎಷ್ಟು ಬಿಸಿ ಆಗುತ್ತೆ?"

"ಸಾವಿರದ ಇನ್ನೂರು ಡಿಗ್ರಿ ಮೇಲೆ."

"ಅಯ್ಯೋ, ಅಷ್ಟರಲ್ಲಿ ತಾಮ್ರನೇ ನೀರಾಗೋಗುತ್ತಲ್ಲ!"

ನಿಜವೇ, ತಾಮ್ರ 1085ಕ್ಕೆ ಕರಗುತ್ತದೆ. ಆಯುಷ್ಯವಿಡೀ ತಾಮ್ರದ ತಂತಿಯನ್ನೇ ಸುತ್ತಿದ ಮನುಷ್ಯ, ಮೊದಲು ಅದನ್ನೇ ಯೋಚಿಸಿದರು. ಆಮೇಲೆ ಕೇಳಿದ ಪ್ರಶ್ನೆಗಳು ಮಾತ್ರ ಒಂದಕ್ಕಿಂತ ಒಂದು ಸರಿಯಾದವು. ಓಮ್ ಎಷ್ಟು ಬೇಕು, ಗಾಡಿ ಎಷ್ಟು ಅಗಲ, ಒಟ್ಟು ಉದ್ದ ಎಷ್ಟು, ತುದಿ ಹೊರಗೆ ಎಷ್ಟು ಬರಬೇಕು. ನಾನು ಬರೆದುಕೊಂಡು ಹೋಗಿದ್ದ ಚೀಟಿ ಕೊಟ್ಟೆ. ಅದರಲ್ಲಿ 17.6 ಓಮ್ ಇತ್ತು. ಭಾಯ್ ಒಪ್ಪದೆ ತಲೆಯಾಡಿಸಿದರು.

"ನಿಮ್ಮ ತೋಟದ ಕಡೆ ಸಂಜೆ ಎಷ್ಟು ವೋಲ್ಟ್ ಬರುತ್ತೆ?"

195. ಮಳೆಗಾಲದಲ್ಲಿ ಇನ್ನೂ ಕಡಿಮೆ. ವೋಲ್ಟೇಜು ಇಳಿದರೆ ಮೋಟಾರು ಹೆಚ್ಚು ಕರೆಂಟು ಎಳೆದು ಸುಟ್ಟುಕೊಳ್ಳುತ್ತದೆ, ಮಲೆನಾಡಿನಲ್ಲಿ ಅದು ಮಕ್ಕಳಿಗೂ ಗೊತ್ತು, ಭಾಯ್ ಅಂಗಡಿ ನಡೆಯುವುದೇ ಅದರಿಂದ. ಕಾಯಿಲಿನ ಸ್ವಭಾವ ತಿರುಗಮುರುಗ. ವೋಲ್ಟೇಜು ಇಳಿದರೆ ಸುಡುವುದಿಲ್ಲ, ಸೋಮಾರಿಯಾಗುತ್ತದೆ. ಅದೂ ವರ್ಗದ ಲೆಕ್ಕದಲ್ಲಿ. 230ಕ್ಕೆ ಆರು ಕಿಲೋವ್ಯಾಟ್ ಕೊಡುವ ಕಿಲ್ನು 195ಕ್ಕೆ ನಾಲ್ಕೂಕಾಲು ಕೊಡುತ್ತದೆ. ಸಾವಿರ ಡಿಗ್ರಿವರೆಗೆ ಹೇಗೋ ಏರುತ್ತದೆ. ಅಲ್ಲಿಂದ ಮುಂದೆ ಕಾಯಿಲು ಕೊಟ್ಟಷ್ಟನ್ನೂ ಗೋಡೆಗಳು ಹೊರಗೆ ಬಿಡುತ್ತವೆ, ಮುಳ್ಳು ಅಲ್ಲಾಡುವುದಿಲ್ಲ.

ಹಾಗಾಗಿ ತಂತಿಯನ್ನು ಒಂದಿಷ್ಟು ಗಿಡ್ಡ ಮಾಡೋಣ ಎಂದು ಅವರೇ ಹೇಳಿದ್ದು. ಓಮ್ ಕಡಿಮೆಯಾದರೆ ಕರೆಂಟು ಹೆಚ್ಚು. ಎಷ್ಟು ಗಿಡ್ಡ ಎಂಬುದರ ಮೇಲೆ ಅವರ ಮರದ ಬೆಂಚಿನಲ್ಲಿ ಕೂತು ಲೆಕ್ಕ ಹಾಕಿದೆವು. ತೀರ ಗಿಡ್ಡ ಮಾಡಿದರೆ ನಡುರಾತ್ರಿ ಊರೆಲ್ಲ ಮಲಗಿ ವೋಲ್ಟೇಜು 240 ಮುಟ್ಟಿದಾಗ ತಂತಿಯ ಮೈಮೇಲೆ ಭಾರ ಹೆಚ್ಚಿ ಬೇಗ ಸಾಯುತ್ತದೆ. 16.5 ಓಮಿಗೆ ಒಪ್ಪಿದೆವು. 16 ಗೇಜಿನ ತಂತಿ ಮೀಟರಿಗೆ 0.7 ಓಮ್‌ಗೆ ಕೂದಲೆಳೆ ಕಡಿಮೆ, ಹಾಗಾಗಿ ಒಂದೊಂದು ಕಾಯಿಲಿಗೆ 23.6 ಮೀಟರ್. ಎರಡಕ್ಕೂ ಸೇರಿ ಏಳುನೂರು ಗ್ರಾಂ ಹಿಡಿಯಿತು, ನಾನು ಒಂದು ಕಿಲೋ ತಂದಿದ್ದೆ. ಉಳಿದದ್ದು ತುದಿಗಳಿಗೆ ಮತ್ತು ಗಾಡಿಯ ಮೂಲೆಗಳಲ್ಲಿ ಕಾಯಿಲನ್ನು ಹಿಡಿದಿಡುವ ಪಿನ್ನುಗಳಿಗೆ ಆಯಿತು. ಪಿನ್ನನ್ನೂ ಅದೇ ತಂತಿಯಲ್ಲಿ ಮಾಡಬೇಕು. ಕಬ್ಬಿಣದ ಮೊಳೆ ಹೊಡೆದರೆ ಅದು ಸುಟ್ಟು ಪೊರೆಯೆದ್ದು ಕಾಯಿಲನ್ನೂ ಕೆಡಿಸುತ್ತದೆ.

ಸುತ್ತುವ ಕೆಲಸ ಅವರ ಕೈ ಮಶೀನಿನಲ್ಲಿ ಆಗುವಂಥದ್ದಲ್ಲ. ಈ ತಂತಿ ತಾಮ್ರದ ಹಾಗೆ ಹೇಳಿದ್ದು ಕೇಳುವುದಿಲ್ಲ, ಬಿಟ್ಟರೆ ಚಿಮ್ಮಿ ಬಿಚ್ಚಿಕೊಳ್ಳುತ್ತದೆ. ಪಕ್ಕದ ಲೇತ್ ಅಂಗಡಿಯಲ್ಲಿ 10 ಮಿಲಿಮೀಟರ್ ಸರಳು ಕಟ್ಟಿಸಿ, ಲೇತನ್ನು ತೀರ ನಿಧಾನಕ್ಕೆ ಓಡಿಸಿ, ಎರಡು ಮರದ ಕಟ್ಟಿಗೆಗಳ ನಡುವೆ ತಂತಿಯನ್ನು ಬಿಗಿ ಹಿಡಿದು ಭಾಯ್ ಸುತ್ತಿಸಿದರು. ಸುತ್ತಿಗೆ ಸುತ್ತು ಅಂಟಿಕೊಂಡು ಒಂದು ಮೀಟರಿನಷ್ಟು ಉದ್ದದ ಸ್ಪ್ರಿಂಗು ಬಂತು. ಅದನ್ನು ನನ್ನ ಕಿಲ್ನಿನ ಗಾಡಿಗಳ ಉದ್ದಕ್ಕೆ ತಕ್ಕಂತೆ 3.2 ಮೀಟರಿಗೆ ಹಿಗ್ಗಿಸಬೇಕು. ಹಿಗ್ಗಿಸುವಾಗ ಎಲ್ಲ ಕಡೆ ಒಂದೇ ಸಮ ಇರಬೇಕು. ಸುತ್ತುಗಳು ಒತ್ತೊತ್ತಾಗಿ ಉಳಿದ ಕಡೆ ಬಿಸಿ ಕೂಡಿ ಮೊದಲು ಅಲ್ಲೇ ಹೋಗುತ್ತದೆ. ಭಾಯ್ ಒಂದು ತುದಿಯನ್ನು ವೈಸಿಗೆ ಕಚ್ಚಿಸಿ ಇನ್ನೊಂದನ್ನು ಗಲ್ಲಿಯ ಆಚೆ ತುದಿಯವರೆಗೆ ಎಳೆದುಕೊಂಡು ಹೋದರು. ಸ್ಕೂಟರಿನವನೊಬ್ಬ ಕಾಯಬೇಕಾಯಿತು, ಬೈದ, ಭಾಯ್ ತಿರುಗಿಯೂ ನೋಡಲಿಲ್ಲ.

ತುದಿಗಳ ವಿಷಯ ಅವರಿಗೆ ನಾನು ಹೇಳಿದ್ದು. ಇಟ್ಟಿಗೆಯಿಂದ ಹೊರಗೆ ಬರುವ ಭಾಗಕ್ಕೆ ತಂತಿಯನ್ನು ಮಡಚಿ ಎರಡೆಳೆ ಹೊಸೆದಿರಬೇಕು. ಎರಡೆಳೆಯಾದರೆ ಅಲ್ಲಿ ಓಮ್ ಅರ್ಧ, ಬಿಸಿ ಕಡಿಮೆ, ಕನೆಕ್ಟರು ಬದುಕುತ್ತದೆ. ಹಳೆ ಕಾಯಿಲಿನ ತುದಿ ಒಂಟಿ ಎಳೆಯದಾಗಿತ್ತು, ಕನೆಕ್ಟರು ಕರಿ ಇದ್ದಿಲಾಗಿ ಕೂತಿತ್ತು. ಮತ್ತೆ ಈ ತಂತಿಗೆ ಬೆಸುಗೆ ಹಿಡಿಯುವುದಿಲ್ಲ, ಹಿಡಿದರೂ ಬಿಸಿಗೆ ಬಿಟ್ಟುಹೋಗುತ್ತದೆ. ಪಿಂಗಾಣಿ ಬ್ಲಾಕಿನಲ್ಲಿ ಬೋಲ್ಟು ಬಿಗಿದೇ ಕೂರಿಸಬೇಕು, ಅಲ್ಲಿಂದ ಮುಂದೆ ಫೈಬರ್ ಗ್ಲಾಸ್ ಹೊದಿಕೆಯ ವೈರು. ಮಾಮೂಲಿ ಪಿವಿಸಿ ವೈರು ಬೇಡವೇ ಬೇಡ.

ಎರಡು ಕಾಯಿಲು ಸುತ್ತಿ, ಹಿಗ್ಗಿಸಿ, ತುದಿ ಹೊಸೆದು, ಮೀಟರ್ ಹಿಡಿದು ತೋರಿಸಿ ಭಾಯ್ ತೆಗೆದುಕೊಂಡದ್ದು ಎಂಟುನೂರು, ಲೇತಿನವರ ಪಾಲೂ ಅದರಲ್ಲೇ. ಒಂದು 16.4, ಇನ್ನೊಂದು 16.6 ಬಂತು. ಬೆಂಗಳೂರಿನಲ್ಲಿ ಕಾಯಿಲು ಮಾಡುವವರೊಬ್ಬರು ಇದೇ ಕೆಲಸಕ್ಕೆ ಹೇಳಿದ್ದು ಇದರ ಹಲವು ಪಟ್ಟು, ಅದೂ ಅಳತೆ ಸರಿಬರದಿದ್ದರೆ ಅವರು ಜವಾಬ್ದಾರರಲ್ಲವಂತೆ.

ಈಗ ಹಿಂಭಾಗದ ಪೆಟ್ಟಿಗೆ. ಒಳಗೆ ಶಾಖ ಅಳೆಯುವ ಕೆ ಟೈಪ್ ಥರ್ಮೋಕಪಲ್, ಅಲ್ಲಿಂದ ಮೀಟರಿಗೆ ಕೆಂಪು ಕಪ್ಪು ಸಾಮಾನ್ಯ ತಾಮ್ರದ ವೈರು. ಇದೇ ಆ ಹಸಿರು ಮಡುಗಳ ಕಾರಣ. ಥರ್ಮೋಕಪಲ್ ಎಂದರೆ ಎರಡು ಬೇರೆ ಲೋಹಗಳ ತಂತಿ, ಒಂದು ತುದಿಗೂ ಇನ್ನೊಂದು ತುದಿಗೂ ಇರುವ ಶಾಖದ ವ್ಯತ್ಯಾಸಕ್ಕೆ ತಕ್ಕ ಸಣ್ಣ ವೋಲ್ಟೇಜು ಕೊಡುತ್ತದೆ, ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಮೀಟರಿನವರೆಗೂ ಅದೇ ಜಾತಿಯ ಕಾಂಪೆನ್ಸೇಟಿಂಗ್ ಕೇಬಲ್ ಹೋಗಬೇಕು. ನಡುವೆ ತಾಮ್ರ ಹಾಕಿದರೆ ಅಳತೆ ಕಿಲ್ನಿನ ಬೆನ್ನಲ್ಲೇ ನಿಂತುಬಿಡುತ್ತದೆ. ಬೆನ್ನ ಹತ್ತಿರ 70 ಡಿಗ್ರಿ ಇದ್ದು ಮೀಟರಿನ ಬಳಿ 30 ಇದ್ದರೆ, ಮೀಟರು ನಲವತ್ತು ಡಿಗ್ರಿ ಕಡಿಮೆ ತೋರಿಸುತ್ತದೆ. ಮೇಷ್ಟ್ರು ಮೀಟರು ನೋಡಿ ಇನ್ನೂ ಕಾಯಲಿ ಎಂದು ಬಿಟ್ಟಿದ್ದಾರೆ, ಒಳಗೆ ಗ್ಲೇಜು ಹರಿದು ನೆಲಕ್ಕಿಳಿದಿದೆ. ಪಾಪ, ಬೈಸಿಕೊಂಡದ್ದು ಮಕ್ಕಳು.

ನೆಲದ ಗಾಜನ್ನು ಉಳಿಯಿಂದ ಕೆತ್ತಿ, ಗುಂಡಿಯನ್ನು ಚೌಕವಾಗಿ ಕೊರೆದು, ಅದೇ ಜಾತಿಯ ಇಟ್ಟಿಗೆಯ ಬಿಲ್ಲೆ ಕೊಯ್ದು ಕೂರಿಸಿದೆ. ಅಂಟಿಸಲು ಸೋಡಿಯಂ ಸಿಲಿಕೇಟ್ ಕಲಸಿದ ಇಟ್ಟಿಗೆ ಪುಡಿ. ಕಾಯಿಲು ತಾಗುವ ಗಾಡಿಯಲ್ಲಿ ಮಾತ್ರ ಇದನ್ನು ಬಳಸಬಾರದು. ಕಾಂತಾಲ್ ಬದುಕುವುದು ತನ್ನ ಮೈಮೇಲೆ ತಾನೇ ಹುಟ್ಟಿಸಿಕೊಳ್ಳುವ ಅಲ್ಯೂಮಿನಾ ಪದರದಿಂದ, ಸಿಲಿಕೇಟು ಆ ಪದರವನ್ನೇ ತಿನ್ನುತ್ತದೆ.

ಕಂಟ್ರೋಲರ್ ಬಗ್ಗೆ ಬೇಗ ಮುಗಿಸುತ್ತೇನೆ. ಹಳೆಯದರಲ್ಲಿ ಇದ್ದದ್ದು ಶಾಖ ಹೆಚ್ಚುಕಡಿಮೆ ಮಾಡುವ, ಎಲೆಕ್ಟ್ರಿಕ್ ಒಲೆಯ ಸಿಮ್ಮರ್‌ಸ್ಟ್ಯಾಟ್, ಅದನ್ನು ಕಿತ್ತು ಎಸೆದೆ. ಶಾಖವನ್ನು ತಾನೇ ನೋಡಿಕೊಂಡು ಹಂತ ಹಂತವಾಗಿ ಏರಿಸುವ ಪ್ರೋಗ್ರಾಮ್ ಇರುವ ಪಿಐಡಿ ಕಂಟ್ರೋಲರ್ ತಂದೆ, ನಾಲ್ಕು ಸಾವಿರ ಚಿಲ್ಲರೆ. ಕೆಲಸ ಚೆನ್ನಾಗಿ ಮಾಡುತ್ತದೆ, ಜೊತೆಗೆ ಕೊಟ್ಟ ಪುಸ್ತಕ ಮಾತ್ರ ದೇವರಿಗೇ ಪ್ರೀತಿ. ಕೊಳ್ಳುವ ಮೊದಲು ಒಂದೇ ಒಂದು ಕೇಳಿ: ಕರೆಂಟು ಹೋಗಿ ಬಂದರೆ ಬಿಟ್ಟಲ್ಲಿಂದ ಮುಂದುವರಿಯುತ್ತದಾ, ಮೊದಲಿನಿಂದ ಶುರು ಮಾಡುತ್ತದಾ? ಆಷಾಢದಲ್ಲಿ ಲೈನಿನ ಮೇಲೆ ಮರ ಬೀಳದ ವಾರ ನಮ್ಮಲ್ಲಿಲ್ಲ. ಸಾವಿರದಲ್ಲಿ ನಿಂತ ಕಿಲ್ನು ಕರೆಂಟು ಬಂದ ಮೇಲೆ ಮೊದಲ ಹಂತಕ್ಕೆ ಹೋಗಿ ಕೂತರೆ ಇಡೀ ರಾತ್ರಿ ದಂಡ.

ಎಸ್‌ಎಸ್‌ಆರ್ (ಸಾಲಿಡ್ ಸ್ಟೇಟ್ ರಿಲೇ) ಬಗ್ಗೆ ಮಾತ್ರ ನಿಲ್ಲಬೇಕು, ಇದು ಜೀವದ ಪ್ರಶ್ನೆ. ಕಾಯಿಲಿಗೆ ಕರೆಂಟು ಬಿಟ್ಟು ಹಿಡಿಯುವ ಈ ಪುಟ್ಟ ಡಬ್ಬಿ ಕೆಟ್ಟರೆ ಸಾಮಾನ್ಯವಾಗಿ ಕರೆಂಟು ನಿಲ್ಲಿಸುವುದಿಲ್ಲ, ಬಿಡುತ್ತಲೇ ಇರುತ್ತದೆ. ಪಿಐಡಿ ಸಾಕು ಎಂದರೂ ಕಾಯಿಲು ಉರಿಯುತ್ತಲೇ ಇರುತ್ತದೆ. ಅದಕ್ಕೇ ಅದರ ಹಿಂದೆ ಕರೆಂಟನ್ನು ಪೂರ್ತಿ ಕಡಿಯುವ ಒಂದು ಕಾಂಟ್ಯಾಕ್ಟರ್ ಇರಲೇಬೇಕು, ಪಿಐಡಿಯ ಅಲಾರಂ ಅದನ್ನು ಬೀಳಿಸುವಂತೆ. ಪಂಪ್‌ಸೆಟ್ ಸ್ಟಾರ್ಟರ್ ಬಿಚ್ಚಿ ಜೋಡಿಸುವ ಭಾಯ್‌ಗೆ ಇದು ಎಡಗೈ ಕೆಲಸ. ಅಲ್ಲದೆ ಬಾಗಿಲು ತೆರೆದ ಕೂಡಲೇ ಕಾಂಟ್ಯಾಕ್ಟರ್ ಬೀಳುವ ಹಾಗೆ ಒಂದು ಲಿಮಿಟ್ ಸ್ವಿಚ್ಚನ್ನೂ ತಾವಾಗಿಯೇ ಸೇರಿಸಿದರು. "ಮನೇಲಿ ಮಕ್ಕಳು ಮರಿ ಇರ್ತಾರೆ ಅಕ್ಕ, ಕಾಯಿಲಿಗೆ ಕಬ್ಬಿಣದ ಕಡ್ಡಿ ತಾಗಿಸಿದ್ರೆ?" ಕಾರ್ಖಾನೆಯವರು ಯೋಚಿಸದ್ದನ್ನು ಇವರು ಯೋಚಿಸಿದರು.

ಆರು ಕಿಲೋವ್ಯಾಟನ್ನು ಒಂದೇ ಫೇಸಿನಲ್ಲಿ ಎಳೆದರೆ 26 ಆಂಪಿಯರ್. ಮನೆಯ ಗೀಜರ್ ಪಾಯಿಂಟಿಗೆ ಚುಚ್ಚುವ ಸಾಮಾನಲ್ಲ. ನಮ್ಮಲ್ಲಿ ತ್ರೀ ಫೇಸ್ ಇರುವುದರಿಂದ ಕಾಯಿಲಿಗೊಂದು ಫೇಸ್ ಕೊಟ್ಟು, ತಲಾ 14 ಆಂಪಿಯರಿಗೆ ಇಳಿಸಿದೆವು, ತಲಾ ಒಂದು ಎಸ್‌ಎಸ್‌ಆರ್, 40 ಆಂಪಿಯರಿನದು, ದಪ್ಪ ಹೀಟ್ ಸಿಂಕಿನ ಮೇಲೆ. ಮೀಟರ್ ಬೋರ್ಡಿನಿಂದ ಬೇರೆಯೇ ಲೈನು, ಬೇರೆ ಎಂಸಿಬಿ, ಬೇರೆ ಅರ್ಥಿಂಗ್ ಗುಂಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಿದ್ದು, ಮಂಜೂರಾದ ಲೋಡನ್ನೂ ಏರಿಸಿಕೊಂಡದ್ದು. ಇಷ್ಟರಲ್ಲಿ ಉಳಿತಾಯ ಮಾಡಲು ಹೋಗುವವರು ಕಿಲ್ನು ಕೊಳ್ಳುವುದೇ ಬೇಡ.

ಎಲ್ಲಿ ಇಡುವುದು ಎಂಬುದಕ್ಕೆ ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು. ಕಾಫಿ ಗೋಡೌನಿನಲ್ಲಿ ಜಾಗ ಧಾರಾಳವಾಗಿತ್ತು. ನಮ್ಮೆಜಮಾನರು ಬಿಲ್‌ಕುಲ್ ಆಗುವುದಿಲ್ಲ ಎಂದರು. ಅವರು ಹೇಳಿದ್ದೂ ನ್ಯಾಯವೇ. ಹಸಿ ಮಣ್ಣಿನಿಂದ ಮೊದಲ ಸುಡುವಿಕೆಯಲ್ಲಿ ಗಂಧಕದ ಹೊಗೆ ಬರುತ್ತದೆ, ಕಾಫಿಬೀಜ ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ. ಕೊನೆಗೆ ಹಂಡೆ ಒಲೆ ಇದ್ದ ಹಳೆ ಬಚ್ಚಲುಮನೆ ಸಿಕ್ಕಿತು. ಹೊಗೆ ಹೋಗಲು ಚಿಮಣಿ ಮೊದಲೇ ಇತ್ತು. ಗೋಡೆಯಿಂದ ಮೊಳದಷ್ಟು ದೂರ ಬಿಟ್ಟು ಕೂರಿಸಿದೆವು. ತೇವದ ಜಾಗ ಎಂಬುದೊಂದೇ ತೊಂದರೆ. ಇಟ್ಟಿಗೆ ನೀರು ಕುಡಿದಿದ್ದರೆ ಕಾಯಿಸುವಾಗ ಅರ್ಥ್ ಲೀಕ್ ಆಗಿ, ಸೋರಿಕೆ ಕಂಡರೆ ಲೈನು ಕಡಿಯುವ ಆರ್‌ಸಿಸಿಬಿ ಬೀಳುತ್ತದೆ. ಮಳೆಗಾಲದಲ್ಲಿ ಮೊದಲು ಬಾಗಿಲು ಬೆರಳಷ್ಟು ತೆರೆದು ನೂರು ಡಿಗ್ರಿಯಲ್ಲಿ ಒಣಗಿಸಿಕೊಳ್ಳುತ್ತೇನೆ. ಲಿಮಿಟ್ ಸ್ವಿಚ್ಚಿನ ಕಡ್ಡಿಯನ್ನು ಭಾಯ್ ಅಷ್ಟಕ್ಕೆ ಸಡಿಲ ಬಿಟ್ಟು ಕೊಟ್ಟಿದ್ದಾರೆ.

ಹೊಸ ಕಾಯಿಲು ಹಾಕಿದ ಮೇಲೆ ಖಾಲಿ ಕಿಲ್ನನ್ನು 1050ಕ್ಕೆ ಏರಿಸಿ ಕೆಲವು ಗಂಟೆ ಹಿಡಿದಿಡಬೇಕು, ಆಗಲೇ ಆ ಅಲ್ಯೂಮಿನಾ ಪದರ ಕಟ್ಟಿಕೊಳ್ಳುವುದು. ಅದನ್ನು ಮಾಡಿ, ಆಮೇಲೆ ಬಿಸ್ಕು (ಗ್ಲೇಜು ಹಚ್ಚುವ ಮೊದಲಿನ ಸುಡುವಿಕೆ), ಆಮೇಲೆ ಗ್ಲೇಜು. ಶೆಲ್ಫಿಗೆ ಅಲ್ಯೂಮಿನಾ ಮತ್ತು ಚೀನಾ ಕ್ಲೇ ಸಮಸಮ ಕಲಸಿ ಬಳಿದುಕೊಂಡೆ, ಗ್ಲೇಜು ಹರಿದರೂ ಅಂಟಬಾರದು. ಮೀಟರನ್ನು ನಂಬದೆ, ಗೊತ್ತಾದ ಶಾಖಕ್ಕೆ ಬಾಗುವ ಸಣ್ಣ ಕಡ್ಡಿಗಳಾದ ಆರ್ಟನ್ ಕೋನುಗಳನ್ನು ಇಟ್ಟೆ: 5, 6, 7 ಸಾಲಾಗಿ. ಕೊನೆಯ ನೂರು ಡಿಗ್ರಿಯನ್ನು ಗಂಟೆಗೆ 60ರಂತೆ ಏರಿಸಿದರೆ 6ನೇ ಕೋನು 1222ಕ್ಕೆ ಬಾಗುತ್ತದೆ. ನಡುವಿನ ಶೆಲ್ಫಿನಲ್ಲಿ 5 ಮಲಗಿತ್ತು, 6 ಬಾಗಿ ತಲೆ ತಾಗಿಸಿತ್ತು, 7 ಆಗಷ್ಟೇ ಕತ್ತು ಬಗ್ಗಿಸಿತ್ತು. ಮೀಟರು 1218 ತೋರಿಸಿತ್ತು. ಸೆಕೆಂಡ್‌ಹ್ಯಾಂಡ್ ಮಾಲಿನಿಂದ ಇದಕ್ಕಿಂತ ಏನು ಕೇಳುವುದು!

ಹಾಗಾದರೆ ಮೂರೇ ನಕ್ಷತ್ರ ಯಾಕೆ ಎಂದು ಕೇಳುತ್ತೀರಿ. ಕೆಳಗಿನ ಶೆಲ್ಫು ತಣ್ಣಗೆ. ಅಲ್ಲಿ 6ನೇ ಕೋನು ಅಲ್ಲಾಡಿರಲೇ ಇಲ್ಲ, 5 ಅರ್ಧ ಬಾಗಿತ್ತು. ನೆಲದಲ್ಲಿ ಕಾಯಿಲಿಲ್ಲ, ಬಾಗಿಲಲ್ಲಿಲ್ಲ, ಮಾಡಿದವರು ಅಗ್ಗಕ್ಕೆ ಮುಗಿಸಿದ್ದಾರೆ. ರಿಪೇರಿಯಿಂದ ಇದು ಸರಿಹೋಗುವುದಿಲ್ಲ, ಹುಟ್ಟಿನಿಂದ ಬಂದದ್ದು. ಕೆಳಗೆ ಬಿಸ್ಕಿನ ಮಾಲು ಇಡುತ್ತೇನೆ, ಇಲ್ಲವೇ 5ನೇ ಕೋನಿಗೆ ಕರಗುವ ಗ್ಲೇಜು ಹಚ್ಚಿದ ಸಣ್ಣ ಬಟ್ಟಲು. ಬಾಗಿಲಿನ ಕೀಲನ್ನು ವೆಲ್ಡಿಂಗ್‌ನವರು ಎತ್ತಿ ಕೂರಿಸಿದರೂ ಬಲಗಡೆ ಮೇಲೆ ಒಂದು ಸೀಳು ಉಳಿದಿದೆ, ಹೊಸ ಫೈಬರ್ ತುರುಕಿದ್ದೇನೆ, ರಾತ್ರಿ ಅಲ್ಲಿ ಕೆಂಪು ಗೆರೆ ಕಾಣುತ್ತದೆ. ಕರೆಂಟು ಒಂದು ಗ್ಲೇಜ್ ಸುಡಲು 40 ಯೂನಿಟ್ ಆಸುಪಾಸು ಹಿಡಿಯುತ್ತದೆ. ರಾತ್ರಿ ಹತ್ತರ ಮೇಲೆ ವೋಲ್ಟೇಜು ಏರಿದ ಮೇಲೆ ಸಾವಿರ ದಾಟುವ ಹಾಗೆ ಹೊತ್ತು ಹೊಂದಿಸಿದರೆ ಇನ್ನಷ್ಟು ಕಡಿಮೆ. ಸಂಜೆ ಆರಕ್ಕೆ ಸಾವಿರದಲ್ಲಿದ್ದರೆ ಕರೆಂಟಿನ ಮೀಟರು ಓಡುತ್ತದೆ, ಶಾಖ ಓಡುವುದಿಲ್ಲ.

ಕಿಲ್ನು, ಸಾಗಣೆ, ತಂತಿ, ಕಂಟ್ರೋಲರ್, ವೈರಿಂಗ್, ಕೂಲಿ ಎಲ್ಲ ಕೂಡಿ 71 ಸಾವಿರದ ಹತ್ತಿರ ಬಂತು. ಕಿಲ್ನು ಬಿಟ್ಟರೆ ವೈರಿಂಗಿನದೇ ದೊಡ್ಡ ಪಾಲು. ಅದು ಹೊಸ ಕಿಲ್ನಿಗೂ ತಪ್ಪುತ್ತಿರಲಿಲ್ಲ.

ಭಾಯ್ ಅಂಗಡಿಗೆ ಹೋಗುವವರಿಗೆ ಒಂದೆರಡು ಮಾತು. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಕಾಯಿಲಿನ ಗೇಜು, ಓಮ್, ಗಾಡಿಯ ಉದ್ದ ಬರೆದುಕೊಂಡು, ಹಳೆ ತುಂಡೊಂದನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ. ಬಾಯಿಮಾತಿನಲ್ಲಿ ವಿವರಿಸಲು ಹೋದರೆ ಟೀ ತರಿಸಿ ಕೂರಿಸುತ್ತಾರೆ, ಕೆಲಸ ಆಗುವುದಿಲ್ಲ. ನವೆಂಬರಿನಿಂದ ಫೆಬ್ರವರಿ ಮುಗಿಯುವವರೆಗೆ ಆ ಕಡೆ ತಲೆಹಾಕಲೇಬೇಡಿ. ಹಣ್ಣು ಕುಯ್ಲಿನ ಕಾಲ, ತೋಟಗಳ ಪಲ್ಪರ್ ಮೋಟಾರುಗಳು ಸಾಲುಗಟ್ಟಿ ಕೂತಿರುತ್ತವೆ, ನಿಮ್ಮ ಕಪ್ಪು ಸಾಸರಿನ ಗೋಳು ಅಲ್ಲಿ ಯಾರೂ ಕೇಳುವುದಿಲ್ಲ. ಜೂನಿನಲ್ಲೂ ಪಂಪ್‌ಸೆಟ್‌ಗಳಿಗೆ ಸಿಡಿಲು ಹೊಡೆದ ಕೇಸು ಬರುತ್ತವೆ. ಏಪ್ರಿಲ್ ಒಳ್ಳೆಯದು.